ಆಟಗಾರ ಹೋದರೂ ಲೆಕ್ಕ ಉಳಿಯುತ್ತದೆ

ಡೆನ್ವರ್‌ನಲ್ಲಿ ನಾನು ಅಕೌಂಟೆಂಟ್. ಮಾರ್ಚ್ ಬಂದರೆ ತೆರಿಗೆ ಕಾಗದ ಹಿಡಿದು ಜನ ಬರ್ತಾರೆ, ಆದರೆ 2024ರ ಮಾರ್ಚ್‌ನಲ್ಲಿ ಬಂದವರೆಲ್ಲ ತೆರಿಗೆಗಿಂತ ಮೊದಲು ಕೇಳಿದ್ದು ಇಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡ ಬ್ರಾಂಕೋಸ್‌ನ ಲೆಕ್ಕವನ್ನು. ತಂಡ ತನ್ನ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಮುಖ್ಯ ಆಟಗಾರ, ರಸೆಲ್ ವಿಲ್ಸನ್ ಅವರನ್ನು ಬಿಟ್ಟುಬಿಟ್ಟಿತ್ತು. ಅವರು ಹೋದ ಮೇಲೂ ಎರಡು ವರ್ಷಗಳಲ್ಲಿ ಸುಮಾರು 85 ಮಿಲಿಯನ್ ಡಾಲರ್ ತಂಡದ ಸ್ಯಾಲರಿ ಕ್ಯಾಪ್, ಅಂದರೆ ಆಟಗಾರರಿಗೆ ವರ್ಷಕ್ಕೆ ಖರ್ಚು ಮಾಡಬಹುದಾದ ಮಿತಿ, ಅದರ ಮೇಲೆ ಬೀಳುತ್ತದೆ ಅನ್ನೋದು ಸುದ್ದಿ.

ಓದೋಕೆ ಬಂದಿರುವ ನನ್ನ ಅಕ್ಕನ ಮಗ ಅವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿದ. "ಮಾಮ, ಹರ್ಷಲ್ ಪಟೇಲ್‌ನ ಆರ್‌ಸಿಬಿ ಬಿಟ್ಟಾಗ 10.75 ಕೋಟಿ ಪರ್ಸಿಗೆ ವಾಪಸ್ ಬಂತಲ್ವಾ? ಇಲ್ಲಿ ಯಾಕೆ ಹಾಗಾಗಲ್ಲ?"

ಒಳ್ಳೆ ಪ್ರಶ್ನೆ. ಐಪಿಎಲ್ ನೋಡಿ ಬೆಳೆದವರಿಗೆ ಇದು ನಿಜಕ್ಕೂ ವಿಚಿತ್ರ ಅನ್ನಿಸುತ್ತೆ. ಅಮೆರಿಕದ ಎನ್‌ಎಫ್‌ಎಲ್ ಫುಟ್‌ಬಾಲ್‌ನಲ್ಲಿ 32 ತಂಡಗಳಿಗೂ ಒಂದೇ ಮಿತಿ, 2024ರಲ್ಲಿ ಅದು 255.4 ಮಿಲಿಯನ್ ಡಾಲರ್. ಆದರೆ ದುಡ್ಡು ಕೈಯಿಂದ ಹೋಗುವ ದಿನ ಬೇರೆ, ಅದು ಕ್ಯಾಪ್ ಲೆಕ್ಕಕ್ಕೆ ಬರುವ ದಿನ ಬೇರೆ. ಎಲ್ಲ ಗೊಂದಲಕ್ಕೂ ಇದೇ ಮೂಲ.

ಒಂದು ಹಳೆ ಲಕೋಟೆ ತಿರುಗಿಸಿ, ಹಿಂದೆ ಐದು ಗೆರೆ ಎಳೆದೆ. ಒಬ್ಬ ಆಟಗಾರ ಐದು ವರ್ಷಕ್ಕೆ ಸಹಿ ಹಾಕಿದ ಅಂತಿಟ್ಟುಕೊಳ್ಳಿ. ಸಹಿ ಹಾಕಿದ್ದಕ್ಕೆ ಸೈನಿಂಗ್ ಬೋನಸ್ 25 ಮಿಲಿಯನ್. ಆ ದುಡ್ಡು ಅವನಿಗೆ ಶುರುವಿನಲ್ಲೇ ಸೇರುತ್ತದೆ, ಆದರೆ ಕ್ಯಾಪ್ ಲೆಕ್ಕದಲ್ಲಿ ಅದನ್ನು ವರ್ಷಕ್ಕೆ 5 ಮಿಲಿಯನ್‌ನಂತೆ ಐದು ಮನೆಗೆ ಹಂಚಬಹುದು. ಎರಡು ವರ್ಷ ಕಳೆಯಿತು, 10 ಲೆಕ್ಕಕ್ಕೆ ಬಂತು, ಇನ್ನೂ 15 ಬಾಕಿ. ಮೂರನೇ ವರ್ಷ ಅವನ ಸಂಬಳ 12 ಮಿಲಿಯನ್, ಅದಕ್ಕೆ ಗ್ಯಾರಂಟಿ ಇಲ್ಲ, ಅಂದರೆ ಬಿಟ್ಟರೆ ಕೊಡಬೇಕಿಲ್ಲ. ಇಟ್ಟುಕೊಂಡರೆ ಆ ವರ್ಷದ ಕ್ಯಾಪ್‌ನಲ್ಲಿ 12 ಮತ್ತು 5 ಸೇರಿ 17. ಬಿಟ್ಟರೆ ಸಂಬಳದ 12 ಅಳಿಸಿ ಹೋಗುತ್ತದೆ, ಆದರೆ ಬಾಕಿ 15 ಅಷ್ಟೂ ಒಂದೇ ಸಲ ಅದೇ ವರ್ಷಕ್ಕೆ ಬಂದು ಕೂರುತ್ತದೆ. ಇದಕ್ಕೇ ಡೆಡ್ ಮನಿ ಅನ್ನೋದು. ಉಳಿದಿದ್ದು ಬರೀ 2 ಮಿಲಿಯನ್! ಅದೂ ಪೂರ್ತಿ ಉಳಿಯಲ್ಲ. ಬಿಡುವಿನ ತಿಂಗಳುಗಳಲ್ಲಿ ದೊಡ್ಡ ಮೊತ್ತದ 51 ಒಪ್ಪಂದಗಳ ಸಂಬಳ ಮಾತ್ರ ಪೂರ್ತಿ ಲೆಕ್ಕಕ್ಕೆ ಬರುವುದರಿಂದ, ಒಬ್ಬ ಹೋದ ಕೂಡಲೇ ಕೆಳಗಿದ್ದ ಇನ್ನೊಬ್ಬ ಆ ಪಟ್ಟಿಗೆ ಏರುತ್ತಾನೆ, ಅವನ ಸಂಬಳವನ್ನೂ ಕಳೆಯಬೇಕು.

"ಅಂದ್ರೆ ಬಿಟ್ಟಿದ್ದಕ್ಕೆ ದಂಡ?" ಅಂದ ಅವನು. ಅಲ್ಲ. ನನ್ನ ಕೆಲಸದಲ್ಲಿ ದಿನಾ ನೋಡುವ ತಪ್ಪು ತಿಳುವಳಿಕೆ ಇದು. ಯಂತ್ರ ಕೊಂಡ ಅಂಗಡಿಯವರು ಅದರ ಬೆಲೆಯನ್ನು ವರ್ಷ ವರ್ಷ ಸ್ವಲ್ಪ ಸ್ವಲ್ಪ ಖರ್ಚು ಹಾಕುತ್ತಾ ಬರ್ತಾರೆ. ನಡುವೆ ಯಂತ್ರ ಕೆಟ್ಟು ಗುಜರಿಗೆ ಹೋದರೆ ಪುಸ್ತಕದಲ್ಲಿ ಉಳಿದಿದ್ದನ್ನು ಒಂದೇ ಸಲ ಖರ್ಚು ಬರೆಯಬೇಕು. ಅದು ಹೊಸ ಖರ್ಚಲ್ಲ, ಹಳೆಯದೇ.

ಇನ್ನು ಜೂನ್ 1ರ ವಿಷಯ. ಆ ದಿನದ ನಂತರ ಬಿಟ್ಟರೆ ನಮ್ಮ ಲಕೋಟೆಯ 15ರಲ್ಲಿ 5 ಈ ವರ್ಷಕ್ಕೆ, 10 ಮುಂದಿನ ವರ್ಷಕ್ಕೆ. ಈ ವರ್ಷ 12 ಮಿಲಿಯನ್ ಉಳಿಯುತ್ತದೆ. ಮಾರ್ಚ್‌ನಲ್ಲೇ ಬಿಟ್ಟು "ಜೂನ್ 1ರ ಲೆಕ್ಕಕ್ಕೆ ಹಾಕಿ" ಅಂತ ಹೇಳುವ ಅವಕಾಶವೂ ಇದೆ, ಆದರೆ ವರ್ಷಕ್ಕೆ ಇಬ್ಬರಿಗೆ ಮಾತ್ರ. ಜಾಸ್ತಿ ಜನ ಗಮನಿಸದ ಮಾತೊಂದಿದೆ: ಹಾಗೆ ಬಿಟ್ಟರೂ ಜೂನ್ ಬರುವ ತನಕ ಅವನ 17 ಮಿಲಿಯನ್ ಕ್ಯಾಪ್‌ನಲ್ಲೇ ಕೂತಿರುತ್ತದೆ. ಒಳ್ಳೆ ಆಟಗಾರರು ಮಾರುಕಟ್ಟೆಯಲ್ಲಿರುವುದು ಮಾರ್ಚ್‌ನಲ್ಲಿ, ದುಡ್ಡು ಬಿಡುಗಡೆ ಆಗುವುದು ಜೂನ್‌ನಲ್ಲಿ. ಅಷ್ಟು ಹೊತ್ತಿಗೆ ಬೇಕಾದವರೆಲ್ಲ ಬೇರೆ ಕಡೆ ಸಹಿ ಹಾಕಿರ್ತಾರೆ. ಈ ದಾರಿಯನ್ನು ಸುಮ್ನೆ ಉಳಿತಾಯ ಅಂತ ಬರೆಯುವವರು ಇದನ್ನೂ ಹೇಳಬೇಕು.

ವಿಲ್ಸನ್ ವಿಷಯದಲ್ಲಿ ಆಗಿದ್ದೂ ಇದೇ ದಾರಿ. 2024ಕ್ಕೆ ಸುಮಾರು 53, 2025ಕ್ಕೆ ಸುಮಾರು 32 ಮಿಲಿಯನ್. ಇದರೊಳಗೆ ಬೋನಸ್ ಬಾಕಿ ಮಾತ್ರ ಅಲ್ಲ, 2024ರ ಗ್ಯಾರಂಟಿ ಹಣ 39 ಮಿಲಿಯನ್ ಕೂಡ ಇತ್ತು. ಅವರನ್ನು ಪಿಟ್ಸ್‌ಬರ್ಗ್ ತಂಡ 1.21 ಮಿಲಿಯನ್ ಕನಿಷ್ಠ ಸಂಬಳಕ್ಕೆ ಕರೆದುಕೊಂಡಿತು, 39ರಲ್ಲಿ ಆ ಒಂದು ಚೂರು ಕಳೆದು ಮಿಕ್ಕಿದ್ದನ್ನು ಡೆನ್ವರ್ ಕೊಟ್ಟಿತು. ಹಾಗಾದರೆ ಇನ್ನೊಂದು ವರ್ಷ ಇಟ್ಟುಕೊಳ್ಳಬಹುದಿತ್ತಲ್ಲ? ಇಲ್ಲ, ಮಾರ್ಚ್ ನಡುವಿನ ತನಕ ತಂಡದಲ್ಲಿದ್ದಿದ್ದರೆ 2025ರ 37 ಮಿಲಿಯನ್ ಕೂಡ ಗ್ಯಾರಂಟಿ ಆಗುತ್ತಿತ್ತು. ನನ್ನ ಪ್ರಕಾರ ಬಿಟ್ಟಿದ್ದು ಸರಿ. ತಪ್ಪು ಆಗಿದ್ದು 2022ರ ಸೆಪ್ಟೆಂಬರ್‌ನಲ್ಲಿ, ಅವರು ಡೆನ್ವರ್‌ಗೆ ಒಂದು ಪಂದ್ಯವನ್ನೂ ಆಡುವ ಮೊದಲೇ ಅಷ್ಟು ದೊಡ್ಡ ಹೊಸ ಒಪ್ಪಂದ ಬರೆದುಕೊಟ್ಟಾಗ. ಹೊರೆ ಹೊತ್ತುಕೊಂಡೇ ಹೊಸ ಹುಡುಗ ಬೋ ನಿಕ್ಸ್ ಜೊತೆ ತಂಡ ಆ ವರ್ಷ 10 ಪಂದ್ಯ ಗೆದ್ದು ಪ್ಲೇಆಫ್ ತಲುಪಿತು. ಹೊಸಬರ ಸಂಬಳ ಕಡಿಮೆ ಅನ್ನುವುದು ಇಲ್ಲಿ ಕೈ ಹಿಡಿಯಿತು.

ಆಟಗಾರನನ್ನು ಬೇರೆ ತಂಡಕ್ಕೆ ಕಳಿಸಿದರೂ ಬೋನಸ್ ಬಾಕಿ ಹಳೆ ತಂಡಕ್ಕೇ. 2022ರಲ್ಲಿ ಮ್ಯಾಟ್ ರಯಾನ್ ಅವರನ್ನು ಇಂಡಿಯಾನಾಪೊಲಿಸ್‌ಗೆ ಕಳಿಸಿದ ಅಟ್ಲಾಂಟಾ ಮೇಲೆ 40.5 ಮಿಲಿಯನ್ ಬಿತ್ತು.

ಈ ಲೆಕ್ಕದಲ್ಲಿ ನನಗೆ ನೋವಾಗುವುದು ದೊಡ್ಡವರ ವಿಷಯದಲ್ಲಿ ಅಲ್ಲ. ಆಗಸ್ಟ್ ಕೊನೆಗೆ 90 ಜನರ ಪಟ್ಟಿ 53ಕ್ಕೆ ಇಳಿಯಬೇಕು. ಇಬ್ಬರು ಹುಡುಗರು ಆಟದಲ್ಲಿ ಸಮ ಇದ್ದಾರೆ ಅಂದುಕೊಳ್ಳಿ. ಒಬ್ಬನ ಬೋನಸ್ ಬಾಕಿ 3 ಮಿಲಿಯನ್, ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿ ಪ್ರಕಾರ ಹೊಸಬರನ್ನು ಆರಿಸುವಾಗ, ಯಾರೂ ಆರಿಸದೆ ಬಂದ ಇನ್ನೊಬ್ಬನ ಬೋನಸ್ 10 ಸಾವಿರ ಡಾಲರ್. ಎರಡನೆಯವನನ್ನು ಬಿಟ್ಟರೆ ಕ್ಯಾಪ್‌ಗೆ ಬೀಳುವುದು ಆ 10 ಸಾವಿರ ಅಷ್ಟೇ. ಅಕ್ಕನ ಮಗ ಲಕೋಟೆ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಎರಡನೇ ಹುಡುಗನ ಹೆಸರಿಗಾಗಿ ಬಿಟ್ಟಿದ್ದ ಜಾಗದಲ್ಲಿ ಬೆರಳಿಟ್ಟು, "ಇವನೇ ಹೋಗೋದು ಅಲ್ವಾ ಮಾಮ?" ಅಂದ.