ಹೋಂಡಾ ಸಿಆರ್110: 50 ಸಿಸಿ ಎಂಜಿನ್ 13,500 ಆರ್‌ಪಿಎಂ ತಡೆದುಕೊಳ್ಳುವುದು ಹೇಗೆ?

ಬೈಕ್ ರೇಸಿಂಗ್‌ನಲ್ಲಿ 50 ಸಿಸಿ ವರ್ಗಕ್ಕೆ ವಿಶ್ವ ಚಾಂಪಿಯನ್‌ಶಿಪ್ ಶುರುವಾಗಿದ್ದು 1962ರಲ್ಲಿ. ಅದೇ ವರ್ಷ ಹೋಂಡಾ ಸಿಆರ್110 ಬಂತು. ಹೆಸರು ಓದುವಾಗ ಸ್ವಲ್ಪ ಹುಷಾರು: ಆರ್‌ಸಿ110 ಅಂದರೆ ಕಂಪನಿಯ ತಂಡ ಓಡಿಸುತ್ತಿದ್ದ ಬೈಕು, ಸಿಆರ್110 ಅಂದರೆ ದುಡ್ಡು ಕೊಟ್ಟು ಕೊಳ್ಳಬಹುದಾಗಿದ್ದ ರೇಸ್ ಬೈಕು. ತಯಾರಾದದ್ದೇ ಕಡಿಮೆ, ಹಾಗಾಗಿ ಇವತ್ತು ಕಣ್ಣಿಗೆ ಬೀಳುವುದೇ ಅಪರೂಪ.

ಒಂದೇ ಸಿಲಿಂಡರ್, ನಾಲ್ಕು ವಾಲ್ವ್, ಸಿಲಿಂಡರ್ ತಲೆಯ ಮೇಲೆ ಎರಡು ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಸುವ ದಂಡ). ಬೋರ್ (ಸಿಲಿಂಡರಿನ ಅಗಲ) 40 ಮಿಮೀ, ಸ್ಟ್ರೋಕ್ (ಪಿಸ್ಟನ್ ಒಂದು ಕಡೆಗೆ ಓಡುವ ದೂರ) 39 ಮಿಮೀ. 13,500 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) 8.5 ಹಾರ್ಸ್‌ಪವರ್.

ಈ 13,500 ನೋಡಿದಾಗ ಎಂಜಿನ್ ಯಾಕೆ ಒಡೆದು ಹೋಗುವುದಿಲ್ಲ ಅನ್ನಿಸುತ್ತೆ ಅಲ್ವಾ? ಇದನ್ನು ನಿಧಾನವಾಗಿ ಬಿಡಿಸೋಣ. ಒಂದು ಸುತ್ತಿಗೆ ಪಿಸ್ಟನ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಗುತ್ತದೆ. ಅಂದರೆ ಎರಡು ಸ್ಟ್ರೋಕ್ ದೂರ. ನಿಮಿಷವನ್ನು ಸೆಕೆಂಡಿಗೆ, ಮಿಲಿಮೀಟರನ್ನು ಮೀಟರಿಗೆ ತಂದರೆ ಸೂತ್ರ ಇಷ್ಟೇ ಉಳಿಯುತ್ತದೆ:

ಸ್ಟ್ರೋಕ್ (ಮಿಮೀ) × ಆರ್‌ಪಿಎಂ ÷ 30,000 = ಸರಾಸರಿ ಪಿಸ್ಟನ್ ವೇಗ (ಮೀ/ಸೆ)

ಸಿಆರ್110ಕ್ಕೆ: 39 × 13,500 ÷ 30,000 = 17.55. ಈಗ ಅದೇ ಕಾಲದ 500 ಸಿಸಿ ರೇಸ್ ಬೈಕು ಮ್ಯಾಂಕ್ಸ್ ನಾರ್ಟನ್ ತೆಗೆದುಕೊಳ್ಳಿ. ಸ್ಟ್ರೋಕ್ 85.6 ಮಿಮೀ, 7,200 ಆರ್‌ಪಿಎಂ. ಉತ್ತರ ಸುಮಾರು 20.5. ಕಿರುಚುವ ಪುಟ್ಟ ಎಂಜಿನ್ನಿಗಿಂತ ದೊಡ್ಡದರ ಪಿಸ್ಟನ್ನೇ ಜೋರಾಗಿ ಓಡುತ್ತಿದೆ! ಈ ಸೂತ್ರ ಕೈಗೆ ಸಿಕ್ಕ ಮೇಲೆ ಯಾವ ಬೈಕಿನ ಅಂಕಿ ಕಂಡರೂ ಲೆಕ್ಕ ಹಾಕಬೇಕು ಅನ್ನಿಸುತ್ತದೆ. ಹಾಕಿ ನೋಡಿ.

ಆದರೆ ವೇಗ ಬೇರೆ, ಎಳೆತ ಬೇರೆ. ಪಿಸ್ಟನ್ ಮೇಲ್ತುದಿಯಲ್ಲಿ ನಿಂತು ದಿಕ್ಕು ಬದಲಿಸುವಾಗ ಅದರ ಪ್ರತಿ ಗ್ರಾಂ ತೂಕಕ್ಕೆ ಬೀಳುವ ಎಳೆತ ಸ್ಟ್ರೋಕ್ × ಆರ್‌ಪಿಎಂ × ಆರ್‌ಪಿಎಂಗೆ ತಕ್ಕಂತೆ ಏರುತ್ತದೆ. ಹಾಗೆ ಗುಣಿಸಿದರೆ ಸಿಆರ್110ರದ್ದು ಮ್ಯಾಂಕ್ಸ್‌ನ 1.6 ಪಟ್ಟು. ಪಿಸ್ಟನ್ ಚಿಕ್ಕದು, ಹಗುರ, ಅದಕ್ಕೇ ತಡೆದುಕೊಳ್ಳುತ್ತದೆ. ನಿಜವಾದ ಕಷ್ಟ ವಾಲ್ವ್‌ಗಳದ್ದು. ಕ್ಯಾಮ್ ಅರ್ಧ ವೇಗದಲ್ಲಿ ತಿರುಗಿದರೂ ಪ್ರತಿ ವಾಲ್ವ್ ನಿಮಿಷಕ್ಕೆ 6,750 ಸಲ, ಸೆಕೆಂಡಿಗೆ 112 ಸಲಕ್ಕಿಂತ ಜಾಸ್ತಿ ತೆರೆದು ಮುಚ್ಚಬೇಕು. ವಾಲ್ವ್ ಭಾರವಾಗಿದ್ದರೆ ಸ್ಪ್ರಿಂಗ್ ಅದನ್ನು ಸಮಯಕ್ಕೆ ವಾಪಸ್ ಎಳೆಯಲಾರದು. ಎರಡು ದೊಡ್ಡ ವಾಲ್ವ್ ಬದಲು ನಾಲ್ಕು ಚಿಕ್ಕವು ಇಟ್ಟಿದ್ದರ ಲಾಭ ಇಲ್ಲಿದೆ. ಕ್ಯಾಮ್ ತಿರುಗಿಸಲು ಚೈನ್ ಇಲ್ಲ, ಸಾಲಾಗಿ ಗೇರ್ ಚಕ್ರಗಳಿವೆ.

ನನಗೆ ತುಂಬಾ ಇಷ್ಟವಾದದ್ದು ಇನ್ನೊಂದು ಹೋಲಿಕೆ. 1958ರ ಹೋಂಡಾದ ದಿನಬಳಕೆಯ ಬೈಕು ಸೂಪರ್ ಕಬ್ ಸಿ100ರ ಬೋರ್, ಸ್ಟ್ರೋಕ್ ಕೂಡ 40 × 39! ಅದು ಪುಶ್‌ರಾಡ್ ಎಂಜಿನ್ (ಕ್ಯಾಮ್ ಕೆಳಗಿದ್ದು ಉದ್ದ ಕಡ್ಡಿಗಳಿಂದ ವಾಲ್ವ್ ತೆರೆಸುವಂಥದ್ದು), 9,500 ಆರ್‌ಪಿಎಂನಲ್ಲಿ 4.5 ಹಾರ್ಸ್‌ಪವರ್. ಅಳತೆ ಅದೇ, ಶಕ್ತಿ ಹೆಚ್ಚೂಕಡಿಮೆ 1.89 ಪಟ್ಟು. ಇದರಲ್ಲಿ 1.42 ಪಟ್ಟು ಬರೀ ಆರ್‌ಪಿಎಂ ಏರಿಸಿದ್ದರಿಂದ ಬಂತು. ಉಳಿದ 1.33 ಪಟ್ಟು ಪ್ರತಿ ಸುತ್ತಿನಿಂದ ಹೆಚ್ಚು ಕೆಲಸ ತೆಗೆದದ್ದರಿಂದ. ಎರಡನ್ನೂ ಕೂಡಿಸಬಾರದು, ಗುಣಿಸಬೇಕು.

ಗೇರ್ ಬಗ್ಗೆ ಎರಡೇ ಮಾತು. ಮೊದಲು ಬಂದ ಹೆಡ್‌ಲೈಟ್ ಇರುವ ಮಾದರಿಗೆ 5 ಗೇರ್, ರೇಸ್ ಮಾದರಿಗೆ 8. ಶಕ್ತಿ ಸಿಗುವುದು ಮೇಲಿನ ಆರ್‌ಪಿಎಂನಲ್ಲಿ ಮಾತ್ರ. ಗೇರ್‌ಗಳು ಹತ್ತಿರ ಹತ್ತಿರ ಇದ್ದರೆ ಪ್ರತಿ ಬದಲಾವಣೆಗೂ ಆರ್‌ಪಿಎಂ ಸ್ವಲ್ಪವೇ ಇಳಿಯುತ್ತದೆ, ಎಂಜಿನ್ ಶಕ್ತಿ ಸಿಗುವ ಆರ್‌ಪಿಎಂ ವ್ಯಾಪ್ತಿಯೊಳಗೇ ಉಳಿಯುತ್ತದೆ.