ಭುಜವನ್ನು ಹಿಡಿದಿಡುವ ಸಣ್ಣ ಸ್ನಾಯುಗಳು

ತೋಳಿನ ಮೂಳೆಯ ತಲೆ ದುಂಡಗೆ, ದೊಡ್ಡದು. ಅದು ಕೂರುವ ಗುಳಿ ಮಾತ್ರ ಚಿಕ್ಕದು, ಆಳವೂ ಇಲ್ಲ. ಯಾವ ಕ್ಷಣದಲ್ಲಿ ನೋಡಿದರೂ ಆ ತಲೆಯ ಮೂರನೇ ಒಂದು ಭಾಗದಷ್ಟೂ ಗುಳಿಗೆ ತಾಗಿರುವುದಿಲ್ಲ. ಸೊಂಟದ ಕೀಲಿಗಿರುವಂಥ ಆಳದ ಗುಳಿ ಇಲ್ಲೂ ಇದ್ದಿದ್ದರೆ ಭುಜ ಅಷ್ಟು ಸುಲಭಕ್ಕೆ ಜಾರುತ್ತಿರಲಿಲ್ಲ. ಆದರೆ ಕೈ ಇಷ್ಟು ಸಲೀಸಾಗಿ ಎಲ್ಲ ಕಡೆ ತಿರುಗುತ್ತಲೂ ಇರಲಿಲ್ಲ, ಅಲ್ವಾ?

ಮೂಳೆ ಕೊಡದ ಭದ್ರತೆಯನ್ನು ಸ್ನಾಯುಗಳೇ ಕೊಡಬೇಕು. ಅದರಲ್ಲಿ ಮುಖ್ಯವಾದವು ರೊಟೇಟರ್ ಕಫ್ ಎಂಬ ನಾಲ್ಕು ಸಣ್ಣ ಸ್ನಾಯುಗಳು. ಕೈ ಎತ್ತುವಾಗ ಹೊರಗಿನ ದಪ್ಪ ಡೆಲ್ಟಾಯ್ಡ್ ಸ್ನಾಯು ಮೂಳೆಯನ್ನು ಮೇಲಕ್ಕೆ ಎಳೆಯುತ್ತದೆ. ಅದೇ ಹೊತ್ತಿಗೆ ಈ ನಾಲ್ಕೂ ಸೇರಿ ತಲೆಯನ್ನು ಗುಳಿಗೆ ಒತ್ತಿ ಹಿಡಿಯುತ್ತವೆ. ಹಾಗಾಗಿ ಭಾರದ ಡಂಬೆಲ್ ಎತ್ತಿ ಡೆಲ್ಟಾಯ್ಡ್ ಒಂದನ್ನೇ ಉಬ್ಬಿಸಿದರೆ ಭುಜ ನೋಡಲು ಚೆನ್ನ, ಒಳಗೆ ಭದ್ರವಾಯಿತು ಎನ್ನುವಂತಿಲ್ಲ.

ಫಿಸಿಯೋಥೆರಪಿಸ್ಟ್‌ಗಳು ಹೇಳಿಕೊಡುವ ವ್ಯಾಯಾಮ ನೋಡಿದರೆ ಇಷ್ಟೇನಾ ಅನಿಸುತ್ತದೆ. ಮಡಿಸಿದ ಟವೆಲನ್ನು ಕಂಕುಳಲ್ಲಿ ಇಟ್ಟು, ಮೊಣಕೈಯನ್ನು 90 ಡಿಗ್ರಿ ಬಾಗಿಸಿ, ರಬ್ಬರ್ ಬ್ಯಾಂಡನ್ನು ನಿಧಾನಕ್ಕೆ ಹೊರಕ್ಕೆ ಎಳೆಯಬೇಕು. ವಾಪಸ್ ಬರುವಾಗ ಇನ್ನೂ ನಿಧಾನ. ಬ್ಯಾಂಡ್ ತುಂಬ ಬಿಗಿಯಾಗಿದ್ದರೆ ಸಣ್ಣ ಸ್ನಾಯುಗಳ ಕೆಲಸವನ್ನು ದೊಡ್ಡವು ಕಸಿದುಕೊಳ್ಳುತ್ತವೆ. ನೋವು ಜಾಸ್ತಿ ಇರುವಾಗ ಕೈಯನ್ನು ಅಲುಗಿಸದೆ ಗೋಡೆಗೆ ಒತ್ತುವುದರಿಂದಲೇ ಶುರು ಮಾಡಿಸುತ್ತಾರೆ.

ಬೆನ್ನಿನ ಮೇಲಿರುವ ಹೆಗಲ ಹಲಗೆಯನ್ನು ಜನ ಮರೆತೇಬಿಡುತ್ತಾರೆ. ಕೈ ಪೂರ್ತಿ 180 ಡಿಗ್ರಿ ಮೇಲೇರಿದಾಗ ಅದರಲ್ಲಿ ಸುಮಾರು 60 ಡಿಗ್ರಿ ಆ ಹಲಗೆಯದೇ ತಿರುಗಾಟ. ಗುಳಿ ಇರುವುದೂ ಅದರಲ್ಲೇ. ಹಲಗೆ ಹಿಡಿತ ತಪ್ಪಿದರೆ ಗುಳಿಯೂ ತಪ್ಪು ದಿಕ್ಕಿಗೆ ಮುಖ ಮಾಡುತ್ತದೆ. ಗೋಡೆಗೆ ಕೈಯಿಟ್ಟು ಪುಷ್‌ಅಪ್ ಮಾಡಿ, ಕೊನೆಯಲ್ಲಿ ಬೆನ್ನನ್ನು ಇನ್ನೊಂದಿಷ್ಟು ಹಿಂದಕ್ಕೆ ತಳ್ಳಿದರೆ ಹಲಗೆಯನ್ನು ಹಿಡಿದಿಡುವ ಸೆರೇಟಸ್ ಸ್ನಾಯು ಚುರುಕಾಗುತ್ತದೆ.

ಇದಕ್ಕೆ ತಾಳ್ಮೆ ಬೇಕು. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳಿಗೆ ರಕ್ತದ ಹರಿವು ಕಡಿಮೆ, ಬದಲಾವಣೆಗೆ ತಿಂಗಳುಗಳೇ ಹಿಡಿಯುತ್ತವೆ. ಅನಿಲ್ ಕುಂಬ್ಳೆ ಭುಜದ ಶಸ್ತ್ರಚಿಕಿತ್ಸೆಯಿಂದಾಗಿ 2001ರ ಆಸ್ಟ್ರೇಲಿಯಾ ಸರಣಿಯನ್ನೇ ಕಳೆದುಕೊಂಡಿದ್ದರು. ಆ ಮೇಲೆ 2008ರವರೆಗೂ ಟೆಸ್ಟ್ ಆಡಿದರು. ಚೇತರಿಸಿಕೊಂಡ ಭುಜ ಎಷ್ಟು ದುಡಿಯಬಲ್ಲದು ಎನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹೊಳೆಯುವುದಿಲ್ಲ.

ವ್ಯಾಯಾಮ ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಕಿಲ್ಲ. ರಾತ್ರಿ ನಿದ್ದೆ ಕೆಡಿಸಿದರೆ, ಮರುದಿನವೂ ಉಳಿದರೆ ಭಾರ ಇಳಿಸಿ. ಭುಜ ಸಾಮಾನ್ಯವಾಗಿ ಮುಂದಕ್ಕೆ ಜಾರುತ್ತದೆ. ಹಾಗಾಗಿ ಒಮ್ಮೆ ಜಾರಿದವರು ಚೆಂಡೆಸೆಯುವ ಹಾಗೆ ಕೈಯನ್ನು ಮೇಲೆತ್ತಿ ಹಿಂದಕ್ಕೆ ತಿರುಗಿಸುವ ಭಂಗಿಗೆ ಆತುರಪಡಬಾರದು. ಬಿದ್ದ ಮೇಲೆ ಕೈ ಎತ್ತಲಾಗದಿದ್ದರೆ, ಬೆರಳು ಜೋಮು ಹಿಡಿದಿದ್ದರೆ ಬ್ಯಾಂಡ್ ಮುಟ್ಟಬೇಡಿ, ಮೊದಲು ಮೂಳೆ ವೈದ್ಯರಿಗೆ ತೋರಿಸಿ.