ಆರ್ಥಿಕ ದೌರ್ಜನ್ಯ ಅಂದರೇನು?

ಶಿಡ್ಲಘಟ್ಟದ ಸುತ್ತಲ ಹಳ್ಳಿಗಳಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರದಿಂದ (ಪೊರೆ ಬಿಡುವ ಹಂತದಿಂದ) ಎದ್ದರೆ ಮನೆ ಹೆಂಗಸಿನ ನಿದ್ದೆ ಹೋಯಿತೆಂದೇ ಲೆಕ್ಕ. ಸೊಪ್ಪು ಕೊಯ್ಯಬೇಕು, ರಾತ್ರಿ ಎದ್ದು ಹಾಕಬೇಕು, ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ಗೂಡು ಬಿಡಿಸಿದ ಮೇಲೆ ಮಾರುಕಟ್ಟೆಗೆ ಹೋಗುವವನು ಗಂಡ, ದುಡ್ಡು ಬೀಳುವುದೂ ಬಹುಪಾಲು ಅವನ ಖಾತೆಗೇ. ಇಷ್ಟನ್ನೇ ಯಾರೂ ದೌರ್ಜನ್ಯ ಅನ್ನುವುದಿಲ್ಲ. ಆದರೆ ಮಗುವಿನ ಔಷಧಿಗೆ ಕಾಸು ಕೇಳಿದರೆ "ನೀನೇನು ದುಡಿದು ಹಾಕಿದ್ದೀಯ?" ಎಂದು ಬರಿಗೈಲಿ ಕಳಿಸುವುದು, ತವರಿನವರು ಹಾಕಿದ ಓಲೆಯನ್ನು ಹೇಳದೆ ಕೇಳದೆ ಗಿರವಿ ಇಡುವುದು, ಗಾರ್ಮೆಂಟ್ಸ್ ಸಂಬಳ ಬಂದ ದಿನವೇ ಎಟಿಎಂ ಕಾರ್ಡ್ ಕಿತ್ತುಕೊಳ್ಳುವುದು ಆರ್ಥಿಕ ದೌರ್ಜನ್ಯ.

2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ (2005) ಇದನ್ನು ಹೊಡೆತ, ಬೈಗುಳ, ಲೈಂಗಿಕ ಹಿಂಸೆಗಳ ಸಾಲಿನಲ್ಲೇ ಇಟ್ಟಿದೆ. "ಅವನು ಒಂದು ದಿನವೂ ಕೈ ಮಾಡಿಲ್ಲ" ಎಂಬ ಸರ್ಟಿಫಿಕೇಟು ಇಲ್ಲಿ ನಡೆಯುವುದಿಲ್ಲ.

ಹೊಡೆತಕ್ಕಾದರೆ ಬಾಸುಂಡೆ ಇರುತ್ತದೆ, ಇದಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಬ್ಯಾಂಕ್ ಪಾಸ್‌ಬುಕ್, ಗಿರವಿ ಅಂಗಡಿಯ ಚೀಟಿ, ಒಡವೆ ತೊಟ್ಟ ಮದುವೆ ಫೋಟೊ, ಫೋನಿನ ಮೆಸೇಜು ಎಲ್ಲವೂ ಕೆಲಸಕ್ಕೆ ಬರುತ್ತವೆ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಈ ಕಾಯ್ದೆಯಡಿ ದೂರು ಕೇಳಿ ನೆರವಾಗುವ ಸಂರಕ್ಷಣಾಧಿಕಾರಿ. ಅಂಗನವಾಡಿ ಟೀಚರನ್ನು ಕೇಳಿದರೆ ಆ ಆಫೀಸಿನ ದಾರಿ ಗೊತ್ತಾಗುತ್ತದೆ. ಸಂರಕ್ಷಣಾಧಿಕಾರಿ ಬರೆದುಕೊಳ್ಳುವ ವರದಿಯ ನಮೂನೆಯಲ್ಲಿ ಆರ್ಥಿಕ ಹಿಂಸೆಗೆಂದೇ ಬೇರೆ ಭಾಗವಿದೆ. ಊಟ, ಬಟ್ಟೆ, ಔಷಧಿಗೆ ಹಣ ಕೊಡದಿರುವುದು, ಕೆಲಸಕ್ಕೆ ಹೋಗಗೊಡದಿರುವುದು, ಸಂಬಳ ಕಸಿದುಕೊಳ್ಳುವುದು ಎಲ್ಲ ಅಚ್ಚಾಗಿಯೇ ಇದೆ, ಗುರುತು ಹಾಕಿದರಾಯಿತು.

ಅರ್ಜಿ ಕೋರ್ಟಿಗೆ ಹೋದ ಮೇಲೆ ಮ್ಯಾಜಿಸ್ಟ್ರೇಟರು ಖರ್ಚಿಗೆ ಹಣ ಕೊಡಿಸಬಹುದು, ಸ್ತ್ರೀಧನ (ಆಕೆಗೇ ಸೇರಿದ ಒಡವೆ, ವಸ್ತು) ವಾಪಸ್ ಕೊಡಿಸಬಹುದು, ಆಕೆಯನ್ನು ಮನೆಯಿಂದ ಹೊರಹಾಕದಂತೆ ತಡೆಯಬಹುದು. ಸಂಸಾರ ಮಾಡುತ್ತಿದ್ದ ಮನೆ ಅತ್ತೆ ಮಾವನ ಹೆಸರಲ್ಲಿದೆ ಎಂಬ ಒಂದೇ ಕಾರಣಕ್ಕೆ ಸೊಸೆಯ ವಾಸದ ಹಕ್ಕು ತಪ್ಪುವುದಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೊದಲ ವಿಚಾರಣೆಯಿಂದ 60 ದಿನದೊಳಗೆ ಅರ್ಜಿ ಇತ್ಯರ್ಥಕ್ಕೆ ಪ್ರಯತ್ನಿಸಬೇಕು ಎನ್ನುತ್ತದೆ ಕಾಯ್ದೆ. ವಾಯಿದೆಗಳಿಗೆ ಅಲೆದವರು ಇದನ್ನು ಓದಿ ನಕ್ಕರೆ ತಪ್ಪೇನಿಲ್ಲ.

ಬಹಳ ಹೆಂಗಸರು ಹಿಂಜರಿಯುವುದು "ಗಂಡನನ್ನು ಜೈಲಿಗೆ ಹಾಕಿಬಿಟ್ಟರೆ?" ಎಂಬ ಭಯಕ್ಕೆ. ಈ ಕಾಯ್ದೆಯಡಿ ಅರ್ಜಿ ಹಾಕಿದ ಮಾತ್ರಕ್ಕೆ ಯಾರೂ ಜೈಲಿಗೆ ಹೋಗುವುದಿಲ್ಲ. ದೌರ್ಜನ್ಯ ನಿಲ್ಲಿಸು ಎಂದು ಕೋರ್ಟು ಕೊಟ್ಟ ಸಂರಕ್ಷಣಾ ಆದೇಶ ಮೀರಿದರೆ ಮಾತ್ರ 1 ವರ್ಷದವರೆಗೆ ಸಜೆ, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ವಕೀಲರ ಫೀಸಿನ ಚಿಂತೆಯೂ ಬೇಡ: ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗುತ್ತಾರೆ. ಮೊದಲು ಯಾರನ್ನು ಕೇಳುವುದೆಂದು ತೋಚದಿದ್ದರೆ ಮಹಿಳಾ ಸಹಾಯವಾಣಿ 181.